ನೆರೆಗೆ ಮೊದಲೇ ದೋಣಿ ಹತ್ತಿಸಿದ ಮಾವ

ಈ ಸಲ ಮಳೆಗಾಲ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ ಕುಂದಾಪುರದ ಹತ್ತಿರ ಕೋಡಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಬೆಳಿಗ್ಗೆ ತಿಂಡಿ ಮುಗಿಸಿ ಕೂತಿದ್ದಾಗ ಸಮುದ್ರದ ಕಡೆಯಿಂದ ಸೈರನ್ ಕೂಗಿತು. ಏನಾಯಿತೋ ಎಂದು ಇಬ್ಬರೂ ಓಡಿದೆವು. ನೋಡಿದರೆ ಏನೂ ಆಗಿರಲಿಲ್ಲ. ಚಂಡಮಾರುತ ಬಂದರೆ ದಂಡೆಯ ಜನರನ್ನು ಹೇಗೆ ಸಾಗಿಸಬೇಕು ಅಂತ ಸರ್ಕಾರದವರು ಅಣಕು ಕಾರ್ಯಾಚರಣೆ ಇಟ್ಟುಕೊಂಡಿದ್ದರಂತೆ. ಮೀನಿಗೆ ಬಂದ ಹೆಂಗಸರು, ಕ್ರಿಕೆಟ್ ಆಡುವ ಹುಡುಗರು ಎಲ್ಲ ಸುತ್ತ ನಿಂತು ನೋಡುತ್ತಿದ್ದರು. ಕಿತ್ತಳೆ ಬಣ್ಣದ ಅಂಗಿ ಹಾಕಿದ್ದ ಹುಡುಗಿಯೊಬ್ಬಳು, "ಅಮ್ಮಾ, ನೀವೂ ಬನ್ನಿ" ಎಂದು ಕೈ ಹಿಡಿದು ಎಳೆದು, ತೇಲುವ ಜಾಕೀಟೊಂದನ್ನು ನನ್ನ ತಲೆಯ ಮೇಲಿಂದ ಇಳಿಸಿದಳು.

ಹಳೆಯ ಜಾಕೀಟು. ಎಷ್ಟು ಸಲ ಉಪ್ಪುನೀರಿನಲ್ಲಿ ನೆನೆದಿತ್ತೋ, ಎಷ್ಟು ಸಲ ಬಿಸಿಲಿಗೆ ಬಿದ್ದಿತ್ತೋ... ಬೂಸಲು, ಉಪ್ಪು, ಕಾದ ರಬ್ಬರು ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಹೊಡೆಯಿತು. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ನಗು ಬಂತು. ತಂಗಿ, "ಎಂತ ಅಕ್ಕ, ಒಬ್ಳೇ ನಗಾಡ್ತಿಯಲ್ಲ?" ಎಂದಳು. ಅವಳಿಗೆ ಹೇಗೆ ಹೇಳಲಿ? ಆ ವಾಸನೆಯ ಜೊತೆ ನಮ್ಮ ಹಡಗಿನ ಮಾವ ಬಂದು ಎದುರಿಗೆ ನಿಂತಿದ್ದರು.

ಸ್ವಂತ ಮಾವನಲ್ಲ. ನನ್ನ ಗಂಡನ ಮನೆ ಇರುವುದು ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ. ನಾಲ್ಕೂ ಕಡೆ ನೀರು, ನಡುವೆ ಒಂದಿಷ್ಟು ತೆಂಗು, ಒಂದಿಷ್ಟು ಗದ್ದೆ, ಬೆರಳಲ್ಲಿ ಎಣಿಸುವಷ್ಟು ಮನೆ. ತಲ್ಲೂರಿನ ಕಡೆಯ ದಡಕ್ಕೆ ಹೋಗಬೇಕಾದರೂ ದೋಣಿಯೇ ಗತಿ. ನಮ್ಮ ಬೇಲಿಯ ಆಚೆಯ ಮನೆಯವರು ಅವರು. ಸಣ್ಣ ಪ್ರಾಯದಲ್ಲೇ ಮುಂಬೈಗೆ ಹೋಗಿ, ಅಲ್ಲಿ ಹೋಟೆಲಿನಲ್ಲಿ ಅಡಿಗೆ ಕಲಿತು, ಅಲ್ಲಿಂದ ಸರಕಿನ ಹಡಗಿನಲ್ಲಿ ಅಡಿಗೆಯವರಾಗಿ ಸೇರಿ, ಲೋಕವೆಲ್ಲ ಸುತ್ತಿ ಬಂದಿದ್ದರು. ಮದುವೆಯಾಗಿರಲಿಲ್ಲ. ತಮ್ಮನ ಮನೆಯ ಜಗಲಿಯೇ ಅವರ ಕೋಣೆ. ಅಲ್ಲಿ ಒಂದು ತಗಡಿನ ಪೆಟ್ಟಿಗೆ, ಮೊಳೆಗೆ ನೇತುಹಾಕಿದ ಎರಡು ಹಡಗಿನ ಜಾಕೀಟು. ಇಡೀ ಕುದ್ರುವಿಗೆ ಅವರು ಹಡಗಿನ ಮಾವ.

ನಾನು ಮದುವೆಯಾಗಿ ಬಂದವಳು ಘಟ್ಟದ ಬುಡದ ಊರಿಂದ. ನಮ್ಮಲ್ಲಿ ನೀರೆಂದರೆ ಬಾವಿಯ ನೀರು, ತೋಡಿನ ನೀರು. ದಿಬ್ಬಣದ ದಿನ ದೋಣಿ ಹತ್ತಿಸಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಬಾಸಿಂಗ ಕಟ್ಟಿದ ಹಣೆ ಬಗ್ಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದೆ. ಆಗ ಎದುರಿನಿಂದ ಯಾರೋ ಕೇಳಿದರು:

"ಹ್ವಾಯ್ ಹೊಸ ಹೆಣ್ಣೆ, ಕಣ್ ಮುಚ್ಕಂಡ್ರೆ ಹೊಳಿ ಸಣ್ಣ ಆತ್ತಾ?"

ದೋಣಿಯಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂದು ಕಣ್ಣು ಬಿಟ್ಟೆ. ಬೆಳ್ಳಗಿನ ಹುಬ್ಬು, ಕಪ್ಪು ಮೀಸೆಯ ಗುಂಡಗಿನ ಮನುಷ್ಯ. ಮದುವೆಗೆಂದು ಇಸ್ತ್ರಿ ಮಾಡಿದ ಅಂಗಿಯ ಮೇಲೆ ಆ ಕಿತ್ತಳೆ ಜಾಕೀಟು ಕಟ್ಟಿಕೊಂಡು ಕೂತಿದ್ದರು! ನಮ್ಮ ಕಡೆಯ ನೆಂಟರು ಅದೇನೋ ಸಮುದ್ರದ ಕಡೆಯ ಸಂಪ್ರದಾಯ ಅಂದುಕೊಂಡಿದ್ದರಂತೆ.

ಅವರ ಬಾಯಲ್ಲಿ ಮೂರು ಹೊತ್ತೂ ಹಡಗಿನ ಸುದ್ದಿ. ಅದರಲ್ಲೂ ಹಡಗಿನ ಕಸರತ್ತಿನ ಸುದ್ದಿ. ಹಡಗು ಚೆನ್ನಾಗಿಯೇ ಹೋಗುತ್ತಿದ್ದರೂ ಆಗಾಗ ಗಂಟೆ ಬಾರಿಸಿ, ಬೆಂಕಿ ಬಿದ್ದ ಹಾಗೆ, ಮುಳುಗುವ ಹಾಗೆ ಎಲ್ಲರನ್ನೂ ಓಡಿಸುತ್ತಿದ್ದರಂತೆ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಸದ್ದಾದರೆ ಕ್ಯಾಪ್ಟನ್ನಿನಿಂದ ಹಿಡಿದು ಪಾತ್ರೆ ತೊಳೆಯುವವನ ತನಕ ಎಲ್ಲರೂ ಜಾಕೀಟು ತೊಟ್ಟು ಮೇಲೆ ಬಂದು ನಿಲ್ಲಬೇಕು. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಇವರ ಕೆಲಸ ಒಲೆ ಆರಿಸಿ ಕಂಬಳಿ ಎತ್ತಿಕೊಂಡು ಬರುವುದು. "ಮೊದ್ಲ್ ಮೊದ್ಲ್ ನಾನೂ ಬೈಕಂತಿದ್ದೆ" ಎನ್ನುತ್ತಿದ್ದರು. ಒಮ್ಮೆ ಅವರ ಅಡಿಗೆ ಕೋಣೆಗೇ ನಿಜವಾಗಿ ಬೆಂಕಿ ಹತ್ತಿತಂತೆ. ಎಣ್ಣೆಯ ಬೆಂಕಿ. ಎಲ್ಲ ಆರಿ, ಎಲ್ಲರೂ ಮೇಲೆ ಬಂದು ಸಾಲಾಗಿ ನಿಂತ ಮೇಲೆಯೇ ಇವರಿಗೆ ಹೆದರಿಕೆ ಹುಟ್ಟಿದ್ದಂತೆ. ಅಲ್ಲಿಯವರೆಗೆ ಹೆದರಲು ಪುರುಸೊತ್ತೇ ಇರಲಿಲ್ಲವಂತೆ.

ಬಂದರಿನ ಊರುಗಳ ಕತೆಯೂ ಬೇಕಾದಷ್ಟಿತ್ತು. ಜಪಾನಿನಲ್ಲಿ ಶಾಲೆಯ ಮಕ್ಕಳು ಭೂಕಂಪದ ಕಸರತ್ತಿಗೆ ತಲೆಗೆ ದಿಂಬಿನಂಥ ಟೊಪ್ಪಿ ಹಾಕಿಕೊಂಡು ಸಾಲು ತಪ್ಪದೆ ಮೈದಾನಕ್ಕೆ ಬರುವುದನ್ನು ನೋಡಿದ್ದರು. ಚಿಲಿ ಎಂಬ ದೇಶದ ಕಡಲೂರಿನಲ್ಲಿ ಬೀದಿ ಬೀದಿಗೆ ಹಲಗೆ ನೆಟ್ಟು, ದೊಡ್ಡ ಅಲೆ ಬಂದರೆ ಗುಡ್ಡೆಗೆ ಹೋಗುವ ದಾರಿ ಯಾವುದೆಂದು ಬಾಣ ಬರೆದಿರುವುದನ್ನು ನೋಡಿದ್ದರು. ಬಾಂಗ್ಲಾದ ಒಬ್ಬ ಜೊತೆಗಾರ ಅವರ ಊರಿನಲ್ಲಿ ತೂಫಾನು ಬರುವ ಮೊದಲು ಹುಡುಗರು, ಹುಡುಗಿಯರು ಬಾವುಟ ಹಿಡಿದು ಮನೆಮನೆಗೆ ಕೂಗಿಕೊಂಡು ಹೋಗುವುದನ್ನು ಹೇಳಿದ್ದನಂತೆ. ಇದನ್ನೆಲ್ಲ ಹೇಳಿ ಕೊನೆಗೆ ನಮ್ಮ ಹೊಳೆಯ ಕಡೆ ಕೈ ತೋರಿಸುತ್ತಿದ್ದರು. "ಇಲ್ಲ್ ಕಾಣಿ. ಘಟ್ಟದ್ ಮೇಲ್ ಮಳಿ ಹೊಯ್ದ್ರೆ ಐದ್ ಹೊಳಿ ನೀರ್ ನಮ್ಮ್ ಬಾಗ್ಲಿಗೇ ಬಪ್ಪುದ್. ಸಮುದ್ರ ಉಬ್ಬಿದ್ ಹೊತ್ತಿಗೆ ಆ ನೀರ್ ಹೋಪುದ್ ಎಲ್ಲಿಗೆ? ನಮ್ಮ್ ಹತ್ರ ಎಂತ ಇತ್ತ್?"

ನೆರೆ ನಮ್ಮವರಿಗೆ ಹೊಸದಾಗಿರಲಿಲ್ಲ. ಅಂಗಳಕ್ಕೆ ಬರುತ್ತಿತ್ತು, ಎರಡು ದಿನ ಇದ್ದು ಹೋಗುತ್ತಿತ್ತು. ಅದಕ್ಕೊಂದು ತಾಲೀಮು ಯಾರಿಗೆ ಬೇಕು?

ಅವರು ಬಿಡಲಿಲ್ಲ. ಒಂದು ಭಾನುವಾರ ಎಲ್ಲ ಮನೆಗೂ ಹೋಗಿ, ಜಾಗಟೆ ಬಾರಿಸುತ್ತೇನೆ, ಎಲ್ಲರೂ ದೋಣಿ ಹತ್ತಿ ಆಚೆ ದಡದ ಶಾಲೆಯ ಗುಡ್ಡೆಗೆ ಬರಬೇಕು ಎಂದು ಹೇಳಿ ಬಂದರು. ಜಾಗಟೆ ಬಾರಿಸಿದರು. ಏಳು ಚಿಕ್ಕದು, ಒಂದು ಉದ್ದ. ಒಂದು ನರಪಿಳ್ಳೆಯೂ ಹೊರಗೆ ಬರಲಿಲ್ಲ. ನಾನು ಅಡಿಗೆಮನೆಯ ಕಿಟಕಿಯಿಂದ ನೋಡಿದೆ. ಜಾಕೀಟು ತೊಟ್ಟು ಒಬ್ಬರೇ ದೋಣಿಯಲ್ಲಿ ಬಹಳ ಹೊತ್ತು ಕೂತಿದ್ದರು. ಆಮೇಲೆ ಒಬ್ಬರೇ ಹುಟ್ಟು ಹಾಕಿಕೊಂಡು ಗುಡ್ಡೆಯ ಕಡೆ ಹೋದರು. ಅಯ್ಯೋ ಅನ್ನಿಸಿತು... ಆದರೆ ಹೊಸ ಸೊಸೆ, ಹೋಗಿ ಕೂರಲು ಧೈರ್ಯ ಬರಲಿಲ್ಲ.

ಮುಂದಿನ ಭಾನುವಾರ ಜಾಗಟೆಯ ಸದ್ದಿಲ್ಲ. ಬದಲಿಗೆ ಸಂಜೆಯ ಹೊತ್ತು ಆಚೆ ದಡದಿಂದ ಗಾಳಿಯ ಮೇಲೆ ಒಂದು ಘಮ ಬಂತು. ಕಾದ ತೆಂಗಿನೆಣ್ಣೆ, ಹಸಿಮೆಣಸು, ಶುಂಠಿ, ಹುಳಿಮಜ್ಜಿಗೆಯ ಹಿಟ್ಟು. ಗೋಳಿಬಜೆ! ಗುಡ್ಡೆಯ ಮೇಲೆ ಕಲ್ಲು ಹೂಡಿ ಬಾಣಲೆ ಇಟ್ಟು ಹಡಗಿನ ಮಾವ ಬಜೆ ಬಿಡುತ್ತಿದ್ದರು. ಮೊದಲು ಮಕ್ಕಳು ದೋಣಿ ಹತ್ತಿದರು. ಮಕ್ಕಳನ್ನು ಕರೆದು ತರುತ್ತೇವೆ ಎಂದು ತಾಯಂದಿರು. ಹೆಂಗಸರು ಹೋದರಲ್ಲ ಎಂದು ಗಂಡಸರು. ಗುಡ್ಡೆ ಹತ್ತಿ ಬಂದವರ ಮುಂದೆ ಅವರು ಬಜೆ ತೆಗೆಯುವ ಜರಡಿ ಹುಟ್ಟನ್ನು ಅಡ್ಡ ಹಿಡಿದರು.

"ಜಾಕೀಟ್ ಇಲ್ದಿದ್ರೆ ಬಜಿ ಇಲ್ಲೆ!"

ಆ ದಿನ ಎಲ್ಲರೂ ಬಾಯಿ ಚಪ್ಪರಿಸಿಕೊಂಡು ವಾಪಸು ಬಂದರು. ಬಜೆಯನ್ನು ಶಾಲೆಯ ಪಕ್ಕದ ಮನೆಗಳಿಗೆ ಹಂಚಿದರಂತೆ, ಕಟುಕ! ಆದರೆ ಮರುವಾರದಿಂದ ಕುದ್ರುವಿನಲ್ಲಿ ಜಾಕೀಟಿನ ತಯಾರಿ ಶುರುವಾಯಿತು. ಕೊಂಡು ತರುವ ಶಕ್ತಿ ಯಾರಿಗಿತ್ತು? ಮಾವನೇ ಎಣ್ಣೆಯ ಖಾಲಿ ಡಬ್ಬಗಳ ಮುಚ್ಚಳ ಬಿಗಿ ಮಾಡಿ, ಎದೆಗೆ ಒಂದು ಬೆನ್ನಿಗೆ ಒಂದು ಬರುವ ಹಾಗೆ ಬಲೆಯ ಹಗ್ಗದಿಂದ ಹೊಲಿದು ಕೊಟ್ಟರು. ಹಗ್ಗವನ್ನು ಎಲ್ಲಿ ಬಿಗಿಯಬೇಕು, ಎಲ್ಲಿ ಬಿಗಿದರೆ ಕುತ್ತಿಗೆಗೆ ಬರುತ್ತದೆ ಎಂದು ಒಬ್ಬೊಬ್ಬರನ್ನೂ ನಿಲ್ಲಿಸಿ ತೋರಿಸಿದರು. ಡಬ್ಬ ಕಟ್ಟಿಕೊಂಡು ನಾವು ಸಾಲಾಗಿ ದೋಣಿಯ ಕಡೆ ಹೋಗುವುದನ್ನು ಆಚೆ ದಡದ ಜನ ಬಂದು ನಿಂತು ನೋಡುತ್ತಿದ್ದರು. ನಡೆದರೆ ಡಬ್ಬಕ್ಕೆ ಡಬ್ಬ ಬಡಿದು ಟಕಟಕ ಸದ್ದು. ನಾವೇ ಒಬ್ಬರನ್ನೊಬ್ಬರು ನೋಡಿ ನಕ್ಕು ನಕ್ಕು ದೋಣಿ ಅಲ್ಲಾಡುತ್ತಿತ್ತು.

ಒಪ್ಪದೆ ಉಳಿದವರು ನನ್ನ ಅತ್ತೆ. ಅವರ ಪ್ರಕಾರ ಇದು ಅಪಶಕುನ. ಜಗಲಿಯಲ್ಲಿ ಕಾಲು ಚಾಚಿ ಕೂತು, ಹಡಗಿನ ಮಾವ ಬಂದ ಕೂಡಲೇ ಶುರು ಮಾಡಿದರು. "ಬರ್ದೆ ಇಪ್ಪು ನೆರಿನ ನೀನೇ ಕರ್ದ್ ಮಣಿ ಹಾಕ್ತ್ಯಲ್ಲ ಮಾರಾಯಾ! ಇದೆಲ್ಲ ಆಟ ಆಡು ವಿಷ್ಯವಾ?"

ಮಾವ ವಾದಕ್ಕೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ತಲೆ ಕೆರೆದುಕೊಂಡರು. "ಅದಲ್ಲ ಅಕ್ಕ, ನಂಗೊಂದ್ ತೊಂದ್ರಿ ಆಯ್ತ್. ಎಲ್ಲರಿಗೂ ಒಂದೊಂದ್ ಕೆಲ್ಸ ಕೊಟ್ಟಿದೆ. ರೋಗಿ ಆಪ್ಕೆ ಯಾರೂ ಇಲ್ಲೆ. ಸುಮ್ನೆ ಕುರ್ಚಿ ಮೇಲ್ ಕೂಕಣ್ಕ್. ನಾಲ್ಕ್ ಜನ ಹೊತ್ಕಂಡ್ ಹೋತ್ರ್. ಒಂಚೂರ್ ನರ್ಳುಕೆ ಬರ್ಕ್, ಅಷ್ಟೇ. ಅದ್ ಎಲ್ಲರಿಗೂ ಬತ್ತಿಲ್ಲೆ."

ಅತ್ತೆ ಚಾಚಿದ ಕಾಲು ಮಡಚಿಕೊಂಡರು. ಆಮೇಲೆ ಕೇಳಿದರು, "ಹೊತ್ಕಂಬ್ದ್ ಯಾರ್?"

ಆ ವರ್ಷದಿಂದ ನಮ್ಮ ಕುದ್ರುವಿನ ಖಾಯಂ ರೋಗಿ ನನ್ನ ಅತ್ತೆ. ಬೆತ್ತದ ಕುರ್ಚಿಗೆ ಎರಡು ಬಿದಿರು ಕಟ್ಟಿ, ನನ್ನವರೂ ಇನ್ನು ಮೂವರೂ ಹೆಗಲು ಕೊಡುತ್ತಿದ್ದರು. ಅತ್ತೆ ಅಂದು ಒಳ್ಳೆಯ ಸೀರೆ ಉಟ್ಟು, ಅಬ್ಬಲಿಗೆ ಮುಡಿದು ತಯಾರಾಗುತ್ತಿದ್ದರು. ಕುರ್ಚಿ ನೆಲ ಬಿಟ್ಟ ಕೂಡಲೇ "ಅಯ್ಯಯ್ಯೋ... ಸತ್ತೆ... ಯಾರಾರ್ ಇದ್ರಾ..." ಎಂದು ಅವರು ನರಳುವುದು ಹೊಳೆಯ ಎರಡೂ ದಡಕ್ಕೆ ಕೇಳಿಸುತ್ತಿತ್ತು. ಒಮ್ಮೆ ಮರಳು ತೆಗೆಯುತ್ತಿದ್ದ ದೋಣಿಯವರು ನಿಜವೆಂದು ತಿಳಿದು ಓಡಿ ಬಂದಿದ್ದರು. ಅತ್ತೆ ನರಳುವುದನ್ನು ಅರ್ಧಕ್ಕೆ ನಿಲ್ಲಿಸಿ, "ಎಂತದಿಲ್ಲೆ, ನೀವ್ ಹೋಯ್ನಿ" ಎಂದು ಹೇಳಿ ಮತ್ತೆ ಮುಂದುವರಿಸಿದ್ದರು.

ಮಾವನ ತಮ್ಮನ ಹೆಂಡತಿಗೆ ದನಕರುಗಳ ಹಗ್ಗ ಬಿಚ್ಚುವ ಕೆಲಸ. ಮಕ್ಕಳಿಗೆ ಒಲೆ ಆರಿದೆಯೋ ನೋಡುವ ಕೆಲಸ. ನನಗೆ ಕೊಟ್ಟ ಕೆಲಸ ಕೇಳಿ ನಾನು ಅತ್ತೇಬಿಟ್ಟೆ. ಎಲ್ಲ ಮನೆಯ ಬಾಗಿಲಿಗೂ ಹೋಗಿ, "ಒಳ್ಗ್ ಯಾರಾರ್ ಇದ್ರಾ?" ಎಂದು ಕೂಗಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎಲ್ಲರಿಗಿಂತ ಕಡೆಗೆ ದೋಣಿ ಹತ್ತುವುದು.

"ಮಾವ, ನಂಗೆ ನೀರ್ ಕಂಡ್ರೇ ಹೆದ್ರಿಕೆ. ಬೇರೆಯವರಿಗೆ ಕೊಡಿ" ಎಂದೆ.

"ಅದ್ಕೇ ನಿಂಗೆ ಕೊಟ್ಟದ್ದ್. ಧೈರ್ಯ ಇದ್ದರ್ ಅರ್ಧಂಬರ್ಧ ಕಂಡ್ ಬತ್ರ್. ಹೆದ್ರುವವ್ಳ್ ಸಮಾ ಹುಡ್ಕ್‌ತಳ್" ಎಂದರು. ಆಮೇಲೆ ನನ್ನ ಮುಖ ನೋಡಿ, "ಮೊದ್ಲ್ ತೇಲುಕೆ ಕಲ್ತ್ಕೊ" ಎಂದರು.

ತೇಲಲು ಕಲಿತ ಕತೆ ಈಗ ನೆನೆದರೂ ಹೊಟ್ಟೆ ಹಿಡಿದು ನಗಬೇಕು. ಹೊಳೆ ಅಲ್ಲಾಡದೆ ನಿಲ್ಲುವ ಮಧ್ಯಾಹ್ನಗಳಲ್ಲಿ ಕುದ್ರುವಿನ ಹೆಂಗಸರೆಲ್ಲ ನನ್ನನ್ನು ಸೊಂಟದ ಆಳದ ನೀರಿಗೆ ಇಳಿಸುತ್ತಿದ್ದರು. ಗಂಡಸರು ಆ ಕಡೆ ಬರುವ ಹಾಗಿಲ್ಲ. ಆದರೆ ಕಲಿಸುವವರು ಮಾವ. ಅದಕ್ಕೆ ಅವರೇ ಒಂದು ಉಪಾಯ ಮಾಡಿದ್ದರು. ದಂಡೆಯ ಮೇಲೆ ಹೊಳೆಗೆ ಬೆನ್ನು ಹಾಕಿ, ತೆಂಗಿನ ಮರವನ್ನು ನೋಡುತ್ತಾ ಕೂತು, ಅಲ್ಲಿಂದಲೇ ಕೂಗಿ ಹೇಳುವುದು. "ನೀರಿಗ್ ಬೆನ್ನ್ ಕೊಡ್. ಹಾಸ್ಗಿ ಅಂದ್ಕಂಡ್ ಮನ್ಕೊ. ಕಾಲ್ ಬಡಿಬೇಡ!" ನನ್ನ ಕಾಲು ಅವರಿಗೆ ಕಾಣುತ್ತಲೇ ಇರಲಿಲ್ಲ, ಆದರೂ ನಾನು ಬಡಿಯುತ್ತಿರುವುದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಎಷ್ಟು ಮಧ್ಯಾಹ್ನ ನೀರು ಕುಡಿದೆನೋ... ಒಂದು ದಿನ ಇದ್ದಕ್ಕಿದ್ದ ಹಾಗೆ ಕಿವಿಯ ತುಂಬ ನೀರು, ಕಣ್ಣ ತುಂಬ ಆಕಾಶ, ಮೈಗೆ ತೂಕವೇ ಇಲ್ಲ. ಹೆಂಗಸರು ಚಪ್ಪಾಳೆ ತಟ್ಟಿದ್ದು ದೂರದಲ್ಲೆಲ್ಲೋ ಕೇಳಿಸಿತು. ಎದ್ದು ನೋಡಿದರೆ ಮಾವ ತೆಂಗಿನ ಮರಕ್ಕೆ ಚಪ್ಪಾಳೆ ತಟ್ಟುತ್ತಿದ್ದರು.

ಹೀಗೆ ಕೆಲವು ಮಳೆಗಾಲ ಕಳೆದವು. ಪ್ರತಿ ವರ್ಷ ಕಸರತ್ತು, ಪ್ರತಿ ವರ್ಷ ಬಜೆ. ನೆರೆ ಬಂತು, ಅಂಗಳಕ್ಕೆ ಬಂದು ಹೋಯಿತು. ಡಬ್ಬಗಳಿಗೆ ಕೆಲಸ ಬೀಳಲೇ ಇಲ್ಲ.

ಬಿದ್ದದ್ದು ಒಂದು ಶ್ರಾವಣದಲ್ಲಿ. ಮೂರ್ನಾಲ್ಕು ದಿನ ಬಿಡದೆ ಹೊಯ್ದ ಮಳೆ. ಹಡಗಿನ ಮಾವ ಊರಲ್ಲೇ ಇರಲಿಲ್ಲ. ಕೋಟೇಶ್ವರದಲ್ಲಿ ಅವರ ಹಳೆಯ ಗೆಳೆಯರೊಬ್ಬರ ಮಗಳ ಮದುವೆ, ಅಡಿಗೆ ಇವರದೇ ಆಗಬೇಕೆಂದು ಹಿಂದಿನ ದಿನವೇ ಬಂದು ಕರೆದುಕೊಂಡು ಹೋಗಿದ್ದರು. ಬೆಳಿಗ್ಗೆ ನಾನು ದನಕ್ಕೆ ಹುಲ್ಲು ಹಾಕಿ ಬರುವಾಗ ಗದ್ದೆ ಕಾಣುತ್ತಿತ್ತು. ತಿಂಡಿ ಮುಗಿಸಿ ಪಾತ್ರೆ ತೊಳೆಯಲು ಬಂದಾಗ ಗದ್ದೆ ಇರಲಿಲ್ಲ. ಕೆಮ್ಮಣ್ಣಿನ ಬಣ್ಣದ ನೀರು ಬೇಲಿಯ ಬುಡದಲ್ಲಿ ಸದ್ದಿಲ್ಲದೆ ನಿಂತಿತ್ತು. ಸದ್ದಿಲ್ಲದ್ದೇ ನನಗೆ ಹೆದರಿಕೆ. ಸಮುದ್ರ ಉಬ್ಬುವ ಹೊತ್ತು ಬೇರೆ. ನೀರು ಇಳಿಯುವ ಮಾತಿರಲಿಲ್ಲ.

ಅತ್ತೆ ಅದನ್ನು ನೋಡಲು ಅಂಗಳಕ್ಕೆ ಇಳಿದರು. ಪಾಚಿಯ ಮೇಲೆ ಕಾಲಿಟ್ಟದ್ದೇ ತಡ, ಜಾರಿ ಬಿದ್ದರು. ಎಬ್ಬಿಸಲು ಹೋದರೆ ಬಲಗಾಲು ನೆಲಕ್ಕೆ ಊರಲು ಆಗುತ್ತಿಲ್ಲ.

ನನ್ನವರು ಒಂದು ಸಲ ನೀರನ್ನು ನೋಡಿದರು, ಒಂದು ಸಲ ತಾಯಿಯನ್ನು. ಒಳಗೆ ಹೋಗಿ ಜಾಗಟೆ ತಂದರು. ಏಳು ಚಿಕ್ಕದು, ಒಂದು ಉದ್ದ. ಮುಂದಿನ ಮನೆಯಿಂದ ಯಾರೋ ತಟ್ಟೆ ಬಡಿದು ಅದನ್ನೇ ಮುಂದಕ್ಕೆ ದಾಟಿಸಿದರು. ಅಲ್ಲಿಂದ ಇನ್ನೊಂದು ಮನೆ...

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಯಾರೂ ಕಿರುಚಲಿಲ್ಲ. "ಎಂತ ಮಾಡೂದು" ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಮಕ್ಕಳು ಒಲೆ ನೋಡಿ ಓಡಿ ಬಂದರು. ಡಬ್ಬಗಳು ಟಕಟಕ ಎನ್ನುತ್ತಾ ದೋಣಿಯ ಕಡೆ ಹೋದವು. ಬೆತ್ತದ ಕುರ್ಚಿ ಬಂತು, ಬಿದಿರು ಬಂತು, ಪ್ರತಿ ವರ್ಷದ ಅದೇ ನಾಲ್ಕು ಹೆಗಲು. ಅತ್ತೆಯನ್ನು ಎತ್ತಿ ಕೂರಿಸಿದರು. ಅಂದು ಅತ್ತೆ ನರಳಲಿಲ್ಲ. ತುಟಿ ಕಚ್ಚಿ, ಕುರ್ಚಿಯ ಕೈ ಹಿಡಿದು ಕೂತಿದ್ದರು.

ನಾನು ನನ್ನ ಡಬ್ಬ ಕಟ್ಟಿಕೊಂಡು ಬಾಗಿಲು ಬಾಗಿಲಿಗೆ ಹೋದೆ. "ಒಳ್ಗ್ ಯಾರಾರ್ ಇದ್ರಾ?" ಮೊಣಕಾಲಿನ ನೀರು ಸೊಂಟಕ್ಕೆ ಬಂದಿತ್ತು. ಕಡೆಯ ಮನೆ ಹಡಗಿನ ಮಾವನದು. ಕೂಗಿದೆ. ಕೊಟ್ಟಿಗೆಯಿಂದ ಉತ್ತರ ಬಂತು. ಮಾವನ ತಮ್ಮನ ಹೆಂಡತಿ! ದನಗಳನ್ನೆಲ್ಲ ಬಿಟ್ಟಿದ್ದಳು, ಅವು ಈಜಿ ತೆಂಕಣ ದಿಬ್ಬ ಸೇರಿದ್ದವು. ಕರುವಿನ ಹಗ್ಗದ ಗಂಟು ನೆನೆದು ಬಿಗಿದುಕೊಂಡಿತ್ತು. ಅವಳು ಉಗುರಿನಲ್ಲಿ ಬಿಡಿಸುತ್ತಿದ್ದಳು. "ಇದನ್ ಬಿಟ್ಟಿಕ್ ನಾನ್ ಬತ್ತಿಲ್ಲೆ" ಎಂದಳು. ಅವರ ಅಡಿಗೆಮನೆಗೆ ನುಗ್ಗಿ ತೇಲುತ್ತಿದ್ದ ಮರದ ಮರಿಗೆಯೊಳಗೆ ಕೈಯಾಡಿಸಿದಾಗ ಪುಣ್ಯಕ್ಕೆ ಚೂರಿ ಸಿಕ್ಕಿತು. ಹಗ್ಗ ಕೊಯ್ದೆವು. ಕರು ಮೂಗು ಮೇಲೆತ್ತಿ ತಾಯಿಯ ಕಡೆ ಈಜಿತು.

ಹೊರಗೆ ಬಂದರೆ ದಾರಿ ಎಲ್ಲಿದೆ? ಬೇಲಿಯ ತುದಿ ಮಾತ್ರ ಕಾಣುತ್ತಿತ್ತು. ಅವಳು ಮುಂದೆ, ನಾನು ಹಿಂದೆ. ಅವಳು ಹುಟ್ಟಿದ್ದೇ ಹೊಳೆಯ ಬದಿಯಲ್ಲಿ, ನಾಲ್ಕು ಕೈ ಬೀಸಿ ದೋಣಿ ಮುಟ್ಟಿದಳು. ನಾನು ಇಟ್ಟ ಹೆಜ್ಜೆಯ ಕೆಳಗೆ ನೆಲವಿರಲಿಲ್ಲ. ತಲೆ ಒಳಗೆ ಹೋಯಿತು. ಬಾಯಿಗೆ, ಮೂಗಿಗೆ ಮಣ್ಣಿನ ನೀರು. ಕಾಲು ಬಡಿಯಲು ಶುರು ಮಾಡಿದ್ದೆ... ಆಗ ನೆನಪಾಯಿತೋ, ಮೈಯೇ ನೆನಪಿಟ್ಟುಕೊಂಡಿತ್ತೋ ಗೊತ್ತಿಲ್ಲ, ಬೆನ್ನು ಕೊಟ್ಟು ಮಲಗಿದೆ. ಡಬ್ಬಗಳು ಎತ್ತಿ ಹಿಡಿದವು. ಮುಖದ ಮೇಲೆ ಮಳೆ ಬೀಳುತ್ತಿತ್ತು. ನೀರು ನನ್ನನ್ನು ನಿಧಾನವಾಗಿ ತೇಲಿಸಿಕೊಂಡು ಹೋಗಿ ಒಂದು ತೆಂಗಿನ ಮರಕ್ಕೆ ತಾಗಿಸಿತು. ಅಪ್ಪಿ ಹಿಡಿದೆ. ಸ್ವಲ್ಪ ಹೊತ್ತಿಗೆ ನನ್ನವರು ದೋಣಿ ತಿರುಗಿಸಿಕೊಂಡು ಬಂದರು. ನನ್ನನ್ನು ಎಳೆದು ಹಾಕಿ, ಹುಟ್ಟು ಮರೆತು ನನ್ನ ತೋಳು ಹಿಡಿದೇ ಕೂತರು. ನಾನೇ "ಹುಟ್ಟ್ ಹಾಕಿ, ಹುಟ್ಟ್ ಹಾಕಿ" ಎಂದು ಬೈದೆ.

ಆಚೆ ದಡದಲ್ಲಿ, ಸೊಂಟದ ನೀರಿನಲ್ಲಿ, ಹಡಗಿನ ಮಾವ ನಿಂತಿದ್ದರು.

ಗದ್ದೆಗೆ ನೀರು ನುಗ್ಗಿದಾಗಲೇ ನನ್ನವರು ಫೋನ್ ಮಾಡಿದ್ದರಂತೆ. ಶಾಮಿಯಾನದವರ ಟೆಂಪೋ ಹತ್ತಿ, ಕುಂದಾಪುರ ದಾಟಿ, ಸೇತುವೆ ದಾಟಿ ಬಂದಿದ್ದರು. ಸೊಂಟದಲ್ಲಿ ಅಡಿಗೆಯ ಪಂಚೆ, ಕೈಯಲ್ಲಿ ಮಳೆಗೂ ಬಿಡದೆ ಅಂಟಿದ ಮೈದಾ, ಮೀಸೆಯ ಮೇಲೂ ಮೈದಾ. ಬಂದ ಪ್ರತಿ ದೋಣಿಯನ್ನೂ ಹಿಡಿದು ಎಳೆದು, ಪ್ರತಿ ಮುಖವನ್ನೂ ಮುಟ್ಟಿ ನೋಡಿದ್ದರಂತೆ. ಕಡೆಯ ದೋಣಿ ನಮ್ಮದು. ಅವರು ಅದರ ಅಂಚು ಹಿಡಿದು, ಪ್ರತಿ ವರ್ಷ ಕೇಳುವ ಹಾಗೆಯೇ ಕೇಳಿದರು.

"ಯಾರಾರ್ ಬಾಕಿ ಇದ್ರಾ ಹೆಣ್ಣೆ?"

"ಯಾರೂ ಇಲ್ಲೆ ಮಾವ. ನಾನೇ ಕಡೆ."

ಅವರು ತಲೆ ಆಡಿಸಿದರು. ಆಮೇಲೆ ಆ ಕಡೆ ತಿರುಗಿ, ತೇಲಲು ಕಲಿಸುವಾಗ ಕೂರುತ್ತಿದ್ದ ಹಾಗೆ ಹೊಳೆಗೆ ಬೆನ್ನು ಹಾಕಿ ನಿಂತುಬಿಟ್ಟರು. ಬೆನ್ನು ಮಾತ್ರ ಅಲುಗುತ್ತಿತ್ತು.

ಗುಡ್ಡೆಯ ಮೇಲೆ ಶಾಲೆಯ ಜಗಲಿಯಲ್ಲಿ ಅತ್ತೆಯನ್ನು ಇಳಿಸಿದ್ದರು. ಕಾಲಿಗೆ ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತಿಯಾಗಿತ್ತು. ಆಂಬುಲೆನ್ಸಿಗೆ ಹೇಳಿ ಕಳಿಸಿದ್ದರು. ಅತ್ತೆ ಕಣ್ಣು ಮುಚ್ಚಿ ಬಿಳಿಚಿಕೊಂಡು ಮಲಗಿದ್ದರು. ನಾವೆಲ್ಲ ಸುತ್ತ ನಿಂತಿದ್ದೆವು. ಮಾವ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, "ಅಕ್ಕ..." ಎಂದರು. ಅತ್ತೆ ಒಂದೇ ಕಣ್ಣು ಬಿಟ್ಟರು.

"ಬಜಿ ಎಲ್ಲಿತ್ತಾ?"

ಜಗಲಿಯೇ ಹಾರಿಹೋಗುವ ಹಾಗೆ ನಗು. ಮಾವ ನಗುತ್ತಲೂ ಇದ್ದರು, ಮೈದಾ ಮೆತ್ತಿದ ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಲೂ ಇದ್ದರು. "ಇವತ್ ಬಜಿ ಇಲ್ಲೆ ಅಕ್ಕ. ಹೋಳ್ಗಿ ಇತ್ತ್!"

ನಿಜವಾಗಿಯೂ ಇತ್ತು. ಮಳೆಗೆ ಮದುವೆಯ ನೆಂಟರು ಅರ್ಧಕ್ಕರ್ಧ ಬಂದಿರಲಿಲ್ಲ. ಹುಡುಗಿಯ ತಂದೆಯೇ ಹೋಳಿಗೆಯ ಬುಟ್ಟಿ, ಅನ್ನ, ಸಾರು ಎಲ್ಲವನ್ನೂ ಅದೇ ಟೆಂಪೋಗೆ ಏರಿಸಿ ಕಳಿಸಿದ್ದರು. ಅಂದು ಮನೆಗಳಲ್ಲಿ ನೀರು ತುಂಬುತ್ತಿರುವಾಗ ನಾವು ಶಾಲೆಯ ಜಗಲಿಯಲ್ಲಿ ಸಾಲಾಗಿ ಕೂತು, ಎದೆಯ ಡಬ್ಬ ಬಿಚ್ಚದೆ, ತುಪ್ಪ ಹಚ್ಚಿದ ಹೋಳಿಗೆ ತಿಂದೆವು. ನಮ್ಮ ಮನೆಯ ಪಡುವಣ ಗೋಡೆ ಬಿತ್ತು. ಕಣಜದ ಅಕ್ಕಿ ಹೋಯಿತು. ನನ್ನ ಮದುವೆಯ ಸೀರೆ ಹೋಯಿತು. ಮಾವನ ತಗಡಿನ ಪೆಟ್ಟಿಗೆಯೂ ಎಲ್ಲಿಗೆ ತೇಲಿಹೋಯಿತೋ. ಆದರೆ ಆ ಹೋಳಿಗೆಯಷ್ಟು ರುಚಿಯಾದ ಹೋಳಿಗೆಯನ್ನು ನಾನು ಮತ್ತೆ ತಿಂದಿಲ್ಲ.

ಮರುದಿನ ರಕ್ಷಣಾ ತಂಡದವರು ರಬ್ಬರಿನ ದೋಣಿ ತಂದರು. ಹೊಳೆಯ ಮೇಲಿನ ಬೇರೆ ಊರುಗಳಲ್ಲಿ ರಾತ್ರಿಯಿಡೀ ಜನರನ್ನು ದಾಟಿಸಿ ಸುಸ್ತಾಗಿ ಬಂದಿದ್ದ ಹುಡುಗರು. ಮಾವ ಅವರನ್ನು ಕೂರಿಸಿ ಊಟ ಬಡಿಸಿದರು. ಅವರು ಏಳುವ ಮೊದಲೇ ಪ್ರಶ್ನೆಯ ಸುರಿಮಳೆ. ಈ ದೋಣಿಗೆ ಗಾಳಿ ತುಂಬಿಸುವುದು ಹೇಗೆ, ಉಸಿರು ನಿಂತವರ ಎದೆ ಒತ್ತುವುದು ಹೇಗೆ, ನಿಮ್ಮ ಹಗ್ಗದ ಗಂಟು ಯಾವುದು. ಮುಂದಿನ ವರ್ಷದಿಂದ ಆ ತಂಡದ ಒಬ್ಬ ಹುಡುಗ ನಮ್ಮ ಕಸರತ್ತಿಗೆ ಬರತೊಡಗಿದ. ಅವನು ಎದೆ ಒತ್ತುವುದನ್ನು ಕಲಿಸಿದ, ಇವರು ಅವನಿಗೆ ಬಜೆಯ ಹಿಟ್ಟು ಕಲಸುವುದನ್ನು ಕಲಿಸಿದರು. ಡಬ್ಬಗಳು ಹೋಗಿ ಒಳ್ಳೆಯ ಜಾಕೀಟುಗಳು ಬಂದವು. ಮೊಬೈಲಿಗೆ ಮಳೆಯ ಎಚ್ಚರಿಕೆ ಕನ್ನಡದಲ್ಲೇ ಬರತೊಡಗಿದಾಗ ಮಾವನಿಗೆ ಆದ ಖುಷಿ ಹೇಳತೀರದು. ಅದನ್ನು ಎಲ್ಲರ ಮನೆಯ ಬೇಲಿಯ ಹತ್ತಿರ ನಿಂತು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಎಲ್ಲರ ಮೊಬೈಲಿಗೂ ಬಂದಿದ್ದರೂ.

ಹೋದ ಚಳಿಗಾಲದಲ್ಲಿ ಅವರು ಹೋದರು. ಮಧ್ಯಾಹ್ನ ಉಂಡು ಜಗಲಿಯಲ್ಲಿ ಮಲಗಿದವರು ಚಹಾಕ್ಕೆ ಏಳಲಿಲ್ಲ. ತಮ್ಮನ ಹೆಂಡತಿ ಲೋಟ ಹಿಡಿದು ಬಂದು ಎರಡು ಸಲ ಕರೆದಳಂತೆ... ಅಷ್ಟೇ. ಯಾರಿಗೂ ತೊಂದರೆ ಕೊಡಲಿಲ್ಲ. ನಾವು ಅವರಿಂದ ಕಲಿತ ಯಾವುದನ್ನೂ ಅವರಿಗಾಗಿ ಮಾಡುವ ಅವಕಾಶ ಸಿಗಲಿಲ್ಲ.

ಕೋಡಿಯಿಂದ ಬಂದ ಮೇಲೆ ನಾನು ಮನೆಮನೆಗೂ ಹೋಗಿ ಹೇಳಿದೆ, ಈ ವರ್ಷದ ಕಸರತ್ತು ಬಿಡುವುದು ಬೇಡ ಎಂದು. ಭಾನುವಾರ ಮಾಡಿದೆವು. ಈಗ ಮನೆಗಳು ಕಡಿಮೆ, ಆದರೂ ಎಲ್ಲರೂ ಬಂದರು. ಅತ್ತೆಗೆ ಈಗ ಎಂಬತ್ತರ ಮೇಲೆ ಪ್ರಾಯ, ಊರುಗೋಲು ಹಿಡಿದು ನಡೆಯುತ್ತಾರೆ. ಕುರ್ಚಿಯ ಜಾಗ ಮಾತ್ರ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ರಕ್ಷಣಾ ತಂಡದ ಆ ಹುಡುಗ, ಈಗ ಎರಡು ಮಕ್ಕಳ ತಂದೆ, ಬಾಣಲೆಯ ಮುಂದೆ ಕೂತು ಬಜೆ ಬಿಟ್ಟ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ನಾನು ಕಡೆಯ ದೋಣಿಯಲ್ಲಿ ಬಂದೆ.

ತಿಂದಾಯಿತು, ಚಹಾ ಕುಡಿದಾಯಿತು. ಹೊಳೆಯ ಮೇಲೆ ಮೋಡ ಕಟ್ಟುತ್ತಿತ್ತು. ಆದರೆ ಯಾರೂ ಕದಲಲಿಲ್ಲ. ಜಾಕೀಟು ತೊಟ್ಟುಕೊಂಡೇ ಗುಡ್ಡೆಯ ಮೇಲೆ ಅಲ್ಲಲ್ಲಿ ನಿಂತು ಮಾತಾಡುತ್ತಿದ್ದರು, ಮಾತು ಮುಗಿದ ಮೇಲೂ ನಿಂತೇ ಇದ್ದರು. ಏನಾಗಿದೆ ಇವರಿಗೆ ಎಂದುಕೊಂಡೆ. ಆಮೇಲೆ ಹೊಳೆಯಿತು. ಕಸರತ್ತು ಮುಗಿಯಿತು ಎಂದು ಯಾರೂ ಹೇಳಿರಲಿಲ್ಲ. ಹಡಗಿನ ಪದ್ಧತಿಯಂತೆ ಅದನ್ನು ಒಬ್ಬರು ಗಟ್ಟಿಯಾಗಿ ಹೇಳಬೇಕು, ಹೇಳುವ ತನಕ ಯಾರೂ ಜಾಗ ಬಿಡಬಾರದು. ಇಷ್ಟು ವರ್ಷ ಅದನ್ನು ಹೇಳುತ್ತಿದ್ದವರು ಅವರು.

ಒಬ್ಬೊಬ್ಬರಾಗಿ ಎಲ್ಲರೂ ನನ್ನ ಕಡೆ ನೋಡತೊಡಗಿದರು. ನಾನು ಶಾಲೆಯ ಮೆಟ್ಟಿಲು ಹತ್ತಿ, ಎಲ್ಲರ ತಲೆ ಎಣಿಸಿ, ಗಟ್ಟಿಯಾಗಿ ಹೇಳಿದೆ.

"ಎಲ್ಲರೂ ಬಂದಿರ್. ಯಾರೂ ಬಾಕಿ ಇಲ್ಲೆ. ಆಯ್ತ್, ಇನ್ನ್ ಮನಿಗ್ ಹೋಪ."

ಜನ ಹೊಳೆಯ ಕಡೆ ಇಳಿಯತೊಡಗಿದರು.